ಹೆಬ್ಬೆರಳಿನ ದಾರ

ಕ್ಪೆಟೋಯೆ, ಘಾನಾ
ಶನಿವಾರ, 9 ನವೆಂಬರ್ 2019

ನನ್ನ ಮುದ್ದಿನ ಎಸಿನಾಮ್‌ಗೆ,

ಅಪ್ಪನ ಆಶೀರ್ವಾದಗಳು. ನೀನು, ನಿನ್ನ ಶಾಲೆಯ ಮಕ್ಕಳು, ನಿನ್ನನ್ನು ಮದುವೆಯಾಗಲಿರುವ ಆ ಉದ್ದನೆಯ ಮನುಷ್ಯ, ತಮಾಲೆಯಲ್ಲಿ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ಹತ್ತು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಬಯ್ಯಬೇಡ. ಎತ್ತಿದ್ದರೆ ‘ಕಾಲು’ ಅನ್ನುವಷ್ಟರಲ್ಲಿ ನೀನು ಅಡ್ಡಬಾಯಿ ಹಾಕುತ್ತಿದ್ದೆ. ಕಾಗದಕ್ಕಾದರೆ ಯಾರಿಗೂ ಅಡ್ಡಬಾಯಿ ಹಾಕುವುದಕ್ಕಾಗುವುದಿಲ್ಲ. ಕೂತು ಓದು.

ಎಸಿ, ನನ್ನ ಕಾಲು ನೋಯುತ್ತಿದೆ!

ಬಲಗಾಲು, ಪಾದದ ನಟ್ಟನಡುವೆ. ಹೋದ ತಿಂಗಳ ಕೊನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದೆ, ಚಳಕ್ ಅಂತು. ಬಿದ್ದಿರಲಿಲ್ಲ, ಎಡವಿರಲಿಲ್ಲ, ಮುಳ್ಳು ಚುಚ್ಚಿರಲಿಲ್ಲ. ಸುಳ್ಳಿರಬೇಕು ಅಂತ ಮತ್ತೆ ಕೂತು ಮತ್ತೆ ಊರಿದೆ. ಮತ್ತೆ ಚಳಕ್! ಸಕ್ಕರೆ ಕಾಯಿಲೆ ನನ್ನ ಎರಡೂ ಪಾದದ ಸ್ಪರ್ಶ ತಿಂದುಹಾಕಿ ನಾಲ್ಕು ವರ್ಷವಾಯಿತು. ಒಲೆಯಿಂದ ಸಿಡಿದ ಕೆಂಡದ ಮೇಲೆ ನಿಂತುಕೊಂಡು, ಏನೋ ಸುಟ್ಟ ವಾಸನೆ ಅಂತ ನಾನು ಎಲ್ಲರನ್ನೂ ಕೇಳಿದ್ದು ನಿನಗೆ ನೆನಪಿರಬೇಕು. ಆ ಪಾದ ಈಗ ನೋಯುತ್ತಿದೆ. ಸತ್ತದ್ದು ಎಲ್ಲಾದರೂ ನೋಯುತ್ತದೆಯೆ? ಕಾಲಿಗೆ ಜೀವ ಬಂತು ಮಗಳೇ!

ಸಂತೋಷ ತಡೆಯಲಾಗದೆ ಅಂಗಳದಲ್ಲಿ ಕುಂಟುತ್ತಲೇ ನಾಲ್ಕು ಹೆಜ್ಜೆ ಕುಣಿದೆ. ಅಕ್ಪ್ಲೆ ಮುದ್ದೆ ತಿರುವುತ್ತಿದ್ದ ನಿನ್ನ ಸೋದರತ್ತೆ ಅಕು ಕೋಲು ಹಿಡಿದೇ ಆಚೆ ಬಂದಳು.

“ಅಯ್ಯೋ ಅಣ್ಣಾ, ಕಾಲು ನೋವು ಅಂತ ಯಾರಾದ್ರೂ ಕುಣೀತಾರಾ? ಬೆಳಬೆಳಿಗ್ಗೇನೇ ಹೆಂಡ ಏರಿಸಿದೀಯಾ?”

“ಏರಿಸಿಲ್ಲ ಕಣೇ. ನೋಯ್ತಾ ಇದೆ ನೋಡು, ನೋಯ್ತಾ ಇದೆ!”

“ನೋಯೋ ಕಾಲನ್ನ ಎತ್ತಿಟ್ಕೊಂಡು ಕೂತ್ಕೋಬೇಕಪ್ಪಾ. ನಿನ್ ಮಗಳಿಗೆ ಫೋನ್ ಮಾಡ್ತೀನಿ ಇರು.”

ಫೋನ್ ಮಾಡಿದರೆ ಅವಳ ಕೈ ಮುದ್ದೆ ಮುಟ್ಟುವುದಿಲ್ಲ ಅಂತ ಹೆದರಿಸಿ ಸುಮ್ಮನಾಗಿಸಿದೆ. ಅವತ್ತೇ ಕಾಲುಗುರು ಕತ್ತರಿಸಿಕೊಂಡೆ, ಉದ್ದವಿದ್ದರೆ ದಾರ ಸಿಕ್ಕಿಕೊಳ್ಳುತ್ತದೆ. ಹಳೆಯ ಗೆಳೆಯ ಕೊಫೀಗಾನನ್ನು ಕರೆದು ಮಾವಿನ ಮರದ ಕೆಳಗಿನ ಚಪ್ಪರದಲ್ಲಿ ಮಗ್ಗ ಹೂಡಿಸಿದೆ. ಅವನ ಮಗ್ಗದ ಪಕ್ಕದಲ್ಲೇ, ಮೊದಲಿದ್ದ ಜಾಗದಲ್ಲೇ.

ಹನ್ನೊಂದು ವರ್ಷದವಳಾದಾಗಿನಿಂದ ನೀನು ಮಗ್ಗದ ಕಡೆ ತಲೆ ಹಾಕಿದವಳಲ್ಲ, ಆದರೂ ಕೇಳು. ನಮ್ಮ ಮಗ್ಗದಲ್ಲಿ ಅರ್ಧ ಕೆಲಸ ಕಾಲಿನದು. ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ದಾರ ಹಿಡಿದು ಎಳೆದರೆ ಎಳೆಗಳು ಬಾಯಿ ಬಿಡುತ್ತವೆ, ಲಾಳಿ ಓಡುತ್ತದೆ. ಎಳೆದದ್ದು ಬೆರಳಿಗೇ ಗೊತ್ತಾಗಬೇಕು. ಕಾಲು ನೋಡಿಕೊಂಡು ನೇಯುವವನು ನೇಕಾರನೇ ಅಲ್ಲ ಅಂತ ನನ್ನಪ್ಪ ಬೆನ್ನಿಗೆ ಬಾರಿಸಿ ಕಲಿಸಿದ್ದ. ನಾಲ್ಕು ವರ್ಷದ ಹಿಂದೆ ನಾನು ಮಗ್ಗ ಬಿಚ್ಚಿಟ್ಟಿದ್ದು ಅದಕ್ಕೇ. ದಾರ ಜಾರಿದ್ದೂ ನನಗೆ ಗೊತ್ತಾಗುತ್ತಿರಲಿಲ್ಲ.

ಈಗ ಗೊತ್ತಾಗುತ್ತದೆ! ಎಳೆದ ಕೂಡಲೇ ಬೆರಳ ಸಂದಿಯಲ್ಲಿ ದಾರ ಬಂದು ಕೂರುವುದು ತಿಳಿಯುತ್ತದೆ, ಮೊದಲಿನ ಹಾಗೇ! ಒಂಬತ್ತು ದಿನಕ್ಕೆ ಒಂಬತ್ತು ಪಟ್ಟಿ ಮುಗಿಸಿದ್ದೇನೆ. ಇನ್ನೈದಾದರೆ ಹೊಲಿದು ಜೋಡಿಸುವುದಷ್ಟೆ, ನಿನ್ನ ಮದುವೆಯ ಬಟ್ಟೆ ತಯಾರು. ನೀಲಿ ಮೈ, ಹಳದಿ ಹಕ್ಕಿಗಳು, ನೀನು ಶಾಲೆಯ ಮೇಡಂ ಅಂತ ನಡುನಡುವೆ ಒಂದೊಂದು ಪುಸ್ತಕ. ಪೇಟೆಯಿಂದ ತಂದ ಬಟ್ಟೆ ಉಟ್ಟು ನನ್ನ ಮಗಳು ಮದುವೆಯಾಗುತ್ತಾಳಲ್ಲ ಅಂತ ಕೊರಗುತ್ತಿದ್ದೆ. ಇನ್ನು ಆ ಮಾತೇ ಇಲ್ಲ.

ಕೊಫೀಗಾನಿಗೆ ಹೊಟ್ಟೆಕಿಚ್ಚು. ನಿನ್ನೆ ನೇಯುವುದನ್ನು ನಿಲ್ಲಿಸಿ ನನ್ನ ಪಾದ ಮುಟ್ಟಿ ನೋಡಿದ.

“ಲೋ ಅಗ್ಬೇಕೊ, ಊದ್ಕೊಂಡು ಕೆಂಪಗಾಗಿದೆ ಕಣೋ. ಕಾದ ಹಂಚಿನ ಥರ ಸುಡ್ತಿದೆ. ಆಸ್ಪತ್ರೆಗೆ ನಡಿ.”

“ಜೀವ ಇರೋದು ಬಿಸಿಯಾಗೇ ಇರುತ್ತೆ. ತಣ್ಣಗಿದ್ರೆ ಅದು ಹೆಣ.”

“ಹಂಗಾದ್ರೆ ನಿನ್ನ ಎಡಗಾಲು ಹೆಣಾನಾ?”

“ಇರೋ, ಅದರ ಸರದಿನೂ ಬರುತ್ತೆ.”

ಅವನು ನಗಲಿಲ್ಲ. ವಯಸ್ಸಾಯಿತು, ಪಾಪ. ನೀನೂ ಗಾಬರಿಯಾಗಬೇಡ, ಮಾತ್ರೆ ತಪ್ಪಿಸಿಲ್ಲ, ಚಹಾಕ್ಕೆ ಸಕ್ಕರೆ ಹಾಕಿಲ್ಲ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಮನೆ ಮಕ್ಕಳು ಮರಿಗಳಿಂದ ತುಂಬಲಿ. ಮದುವೆಯ ದಿನ ನಾನು ಕುಣಿಯುವುದನ್ನು ನೋಡುವೆಯಂತೆ.

ನಿನ್ನ ಅಪ್ಪ,
ಅಗ್ಬೇಕೊ

ತಾ.ಕ. ಬುಧವಾರ. ಸೋಮವಾರ ಇದನ್ನು ಅಂಚೆಗೆ ಹಾಕಲು ಹೊರಟರೆ ಚಪ್ಪಲಿಯೊಳಗೆ ಕಾಲು ಹೋಗಲಿಲ್ಲ. ಅಕು, ಕೊಫೀಗಾ ಇಬ್ಬರೂ ಸೇರಿ ನನ್ನನ್ನು ಹೊತ್ತು ಪಟ್ಟಣದ ಆಸ್ಪತ್ರೆಗೆ ತಂದರು. ಇಲ್ಲಿಂದಲೇ ಬರೆಯುತ್ತಿದ್ದೇನೆ. ಪಾದದೊಳಗಿನ ಮೂಳೆಗಳು ಮುರಿದಿವೆಯಂತೆ. ಜೋಮು ಹಿಡಿದ ಕಾಲಿನಲ್ಲಿ ಬೀಳದೆ ಎಡವದೆ ಹೀಗಾಗುವುದುಂಟಂತೆ. ನಾನು ದಿನವೂ ಅದನ್ನೇ ತುಳಿದು ಇನ್ನಷ್ಟು ಕೆಡಿಸಿದ್ದೇನೆ. ಡಾಕ್ಟರಮ್ಮ ಕಣ್ಣು ಮುಚ್ಚಿಸಿ ಒಂದು ಸಣ್ಣ ದಾರ ಹಿಡಿದು, “ಬೆರಳಿಗೆ ಮುಟ್ಟಿಸ್ತೀನಿ, ಗೊತ್ತಾದ ತಕ್ಷಣ ಹೇಳಿ ಅಜ್ಜಾ” ಅಂದಳು. ಕಾದೆ. “ಮುಟ್ಟಿಸಮ್ಮ” ಅಂದೆ. “ಐದು ಸಲ ಮುಟ್ಟಿಸಿ ಆಯ್ತು” ಅಂದಳು.

ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ತಿಂಗಳುಗಟ್ಟಲೆ ನೆಲಕ್ಕೆ ಊರದಿದ್ದರೆ ಕಾಲು ಉಳಿಯುತ್ತದಂತೆ. ಮಗ್ಗ ಮಾತ್ರ ಮರೆಯಬೇಕಂತೆ.

ಮೇಲೆ ಒಂದು ಸುಳ್ಳು ಬರೆದಿದ್ದೇನೆ. ದಾರ ನನಗೆ ಒಂದು ದಿನವೂ ಗೊತ್ತಾಗಲಿಲ್ಲ ಎಸಿ, ನೋವು ಮಾತ್ರ ಗೊತ್ತಾಗುತ್ತಿತ್ತು. ಒಂಬತ್ತು ಪಟ್ಟಿಯನ್ನೂ ಕಾಲು ನೋಡಿಕೊಂಡೇ ನೇಯ್ದೆ. ಹಕ್ಕಿಗಳು ಅಲ್ಲಲ್ಲಿ ವಾಲಿವೆ.

ಉಳಿದ ಐದನ್ನು ತಾನು ನೇಯುತ್ತೇನೆ ಅಂತ ಕೊಫೀಗಾ ಅಂದ. ಬೇಡ ಅಂದೆ. ನಿನಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ದಿನ ನಾನಿಲ್ಲದಾಗ ನೀನು ಮಗ್ಗಕ್ಕೆ ಕೂತು ಒಂದು ಗೇಣು ನೇಯ್ದಿದ್ದೆ. ಹೆಣ್ಣಿನ ಕಾಲು ಮಗ್ಗಕ್ಕೆ ಸೋಕಬಾರದು ಅಂತ ನಿನ್ನೆದುರೇ ಅದನ್ನು ಕತ್ತರಿಸಿ ಬಿಸಾಡಿದೆ. ನೀನು ಅಳಲೂ ಇಲ್ಲ. ಆ ಗೇಣಿನಲ್ಲಿ ಒಂದು ತಪ್ಪೂ ಇರಲಿಲ್ಲ. ಕತ್ತರಿಸುವ ಮೊದಲೇ ಅದನ್ನು ನೋಡಿದ್ದೆ, ಇವತ್ತಿನವರೆಗೂ ಹೇಳಿರಲಿಲ್ಲ.

ಶಾಲೆಗೆ ರಜ ಬಿಟ್ಟ ಕೂಡಲೇ ಬಾ. ಬರುವ ಮೊದಲು ಕಾಲುಗುರು ಕತ್ತರಿಸಿಕೋ, ದಾರ ಸಿಕ್ಕಿಕೊಳ್ಳುತ್ತದೆ.