ನಿಮ್ಮ ಮಸೀದಿಯಲ್ಲಿ ಓಟು ನಡೆಯಿತು, ಗಫೂರ್‌ಭಾಯಿ

ಅಣ್ಣನಂತಿದ್ದ ಗಫೂರ್‌ಭಾಯಿಗೆ,

ಗಾಂಧಿ ಗಂಜದ ನಿಮ್ಮ ಅಡತಿ ಅಂಗಡಿಯಲ್ಲಿ ತೊಗರಿ ಚೀಲಕ್ಕೆ ಒರಗಿ ನಾವಿಬ್ಬರೂ ರೇಡಿಯೊ ಕೇಳುತ್ತಿದ್ದ ಆ ಚಳಿಗಾಲ ನೆನಪಿದೆಯೇ? ಅಲ್ಜೀರಿಯಾದಲ್ಲಿ ಮೊದಲ ಸುತ್ತಿನ ಮತದಾನ ಮುಗಿದಿತ್ತು. ಎರಡನೆಯ ಸುತ್ತಿಗೆ ಮೊದಲೇ ಸೈನ್ಯ ಬಂದು ಚುನಾವಣೆಯನ್ನೇ ರದ್ದು ಮಾಡಿತು. "ಬ್ಯಾಡಾದವರು ಗೆಲ್ತಾರಂತ ಓಟೇ ಬಂದ್ ಮಾಡ್ಯಾರ್ರಿ ಮಾಸ್ತರ. ಹಂಗಿದ್ರ ಮಂದಿಗಿ ಕೇಳಿದ್ದರ ಯಾಕ?" ಎಂದಿರಿ. ಲೋಕಕ್ಕೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳುವ ದೊಡ್ಡ ದೇಶಗಳು ಆಗ ತುಟಿ ಬಿಚ್ಚಲಿಲ್ಲ. ಆ ಸಿಟ್ಟು ನನಗಿನ್ನೂ ಆರಿಲ್ಲ.

ಟ್ಯುನೀಷಿಯಾದ ಜನ ಓಟಿಗೆ ಸಾಲು ನಿಂತದ್ದನ್ನು ಟೀವಿಯಲ್ಲಿ ನೋಡಿ ಭಾಲ್ಕಿಯ ನಿಮ್ಮ ಓಣಿಗೆಲ್ಲ ಚಹಾ ಕುಡಿಸಿದಿರಿ. ಆಮೇಲೆ ಈಜಿಪ್ಟ್. ಜನ ಆರಿಸಿದ ಅಧ್ಯಕ್ಷನನ್ನು ವರ್ಷ ತುಂಬುತ್ತಲೇ ಸೈನ್ಯ ಇಳಿಸಿತು. "ಆ ಮಂದಿಗಿ ಓಟ್ ಒಗ್ಗಂಗಿಲ್ರಿ" ಎಂದು ಹೋಟೆಲಿನಲ್ಲಿ ಒಬ್ಬ ನಕ್ಕಾಗ ನಾನು ಕೂಗಾಡಿದೆ. ಇಂಡೋನೇಷ್ಯಾದ ಕೋಟ್ಯಂತರ ಮುಸಲ್ಮಾನರು ಓಟು ಹಾಕಿ ಸರಕಾರ ಬದಲಿಸುವುದು ಇವರ ಕಣ್ಣಿಗೇಕೆ ಬೀಳುವುದಿಲ್ಲ? ನೀವು ಮಾತ್ರ ತಣ್ಣಗೆ, "ಅವನ ಮ್ಯಾಲ ಯಾಕ ಸಿಟ್ಟಾಗ್ತೀರಿ? ನಮ್ಮ ಮಸೀದಿ ಕಮಿಟಿಗೇ ಓಟಿಲ್ಲ" ಎಂದಿರಿ.

ನಿಮ್ಮ ಮಸೀದಿಯ ಪದ್ಧತಿಯನ್ನು ಅಂದೇ ವಿವರಿಸಿದಿರಿ. ಶುಕ್ರವಾರದ ನಮಾಜಿನ ನಂತರ ಕಮಿಟಿಯ ಅಧ್ಯಕ್ಷ ಹಾಜಿ ಸಾಹೇಬರು ಹೆಸರುಗಳನ್ನು ಓದಿ "ಮಂಜೂರ್?" ಎನ್ನುವುದು, ಎಲ್ಲರೂ "ಮಂಜೂರ್" ಎನ್ನುವುದು. ಅರ್ಧ ಜನ ಅವರ ಬಾಡಿಗೆ ಮನೆಯಲ್ಲಿದ್ದವರು. ಇಲ್ಲ ಎನ್ನುವವರು ಯಾರು? ನೀವೊಬ್ಬರೇ ಎದ್ದು "ನಾಮಂಜೂರ್" ಎಂದಿರಿ. ಚೀಟಿ, ಪರದೆ, ಬೀಗ ಹಾಕಿದ ಡಬ್ಬಿ, ಇಷ್ಟೇ ನೀವು ಕೇಳಿದ್ದು. ಅದನ್ನು ನೋಡದೆಯೇ ಕಣ್ಣು ಮುಚ್ಚಿದಿರಿ.

ಕಳೆದ ತಿಂಗಳು ನಿಮ್ಮ ಮಗ ಸಲೀಮ ಬೀದರದ ನಮ್ಮ ಮನೆಗೆ ಬಂದ. ಜೊತೆಗೆ ಹಾಜಿ ಸಾಹೇಬರು! ಚೀಟಿ ಓಟಿಗೆ ಅವರೂ ಒಪ್ಪಿದ್ದಾರೆ; ಇಬ್ಬರೂ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾರೆ, ಚುನಾವಣೆ ನಾನು ನಡೆಸಿಕೊಡಬೇಕಂತೆ.

"ಅಲ್ಲೋ, ಚರ್ಚಿನವನು ಮಸೀದಿ ಇಲೆಕ್ಷನ್ ಮಾಡಸೋದೇನೋ?" ಎಂದೆ.

"ಅದಕ್ಕೇ ಕರೀಲಿಕ್ಕತ್ತೀವ್ರಿ ಚಾಚಾ. ಅಲ್ಲಿ ನಿಮಗ ಬೀಗರಿಲ್ಲ."

ಹಾಜಿ ಸಾಹೇಬರು ಗಡ್ಡ ನೀವಿದರು. "ಔರಾದದಾಗ ಇಲೆಕ್ಷನ್ ಡ್ಯೂಟಿ ಮಾಡಿದವರು ನೀವು. ಇವರಪ್ಪನ ದೋಸ್ತ್ ಇದ್ರೂ ಎಣಿಕಿನ್ಯಾಗ ಸುಳ್ಳ ಹೇಳಂಗಿಲ್ರಿ."

ಓಟಿನ ದಿನ ನಿಮ್ಮ ಮನೆಯವರು, ನಮ್ಮ ಭಾಬಿ, ಪರದೆಯ ಹಿಂದೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲೇ ಇಲ್ಲ. ಹೆಂಗಸರಿಗೂ ಅದೇ ಮೊದಲ ಸಲ ಓಟು. ಸಾಲಿನಲ್ಲಿದ್ದವನೊಬ್ಬ, "ಭಾಬಿ, ಒಳಗ ಬಿರಿಯಾನಿ ದಮ್ಮಿಗಿ ಇಟ್ಟೀರೇನ್ರಿ?" ಎಂದ. ಒಳಗಿನಿಂದಲೇ ಉತ್ತರ ಬಂತು: "ಇಷ್ಟ್ ವರ್ಷ ಯಾರೂ ಕೇಳಿಲ್ಲ, ಈಗ ಜರಾ ತಡೀರಿ!"

ಎಣಿಕೆ ಮುಗಿದು ನಾನು ಅಂಗಳದಲ್ಲಿ ಫಲಿತಾಂಶ ಓದಿದೆ. ನಿಮ್ಮ ಸಲೀಮ ಸೋತಿದ್ದ, ಗಫೂರ್‌ಭಾಯಿ. ಅವನ ಕಡೆಯ ಹುಡುಗರು "ರದ್ದು ಮಾಡ್ರಿ!" ಎಂದು ನುಗ್ಗಿ ಬಂದರು. ಡಬ್ಬಿಯನ್ನು ಎದೆಗೆ ಅವುಚಿಕೊಂಡೆ. ಸೈನ್ಯವಿಲ್ಲದೆಯೂ ಅದೇ ಆಗಿಬಿಡುವುದೇ, ಇಲ್ಲಿ, ನಿಮ್ಮದೇ ಮಸೀದಿಯಲ್ಲಿ? ಆಗ ಸಲೀಮ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಹೌಜಿನ ಕಟ್ಟೆ ಹತ್ತಿ ನಿಂತ. "ರದ್ದು ಅನ್ನೋರು ನನ್ನ ಕಡಿಯವರಲ್ಲ. ಹಾಜಿ ಸಾಬ್ ಗೆದ್ದಾರ. ಮೂರು ವರ್ಷಕ್ಕ ಮತ್ತ ಕೇಳ್ತೇವಿ" ಎಂದ. ಹುಡುಗರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಹಾಜಿ ಸಾಹೇಬರು ಅವನನ್ನು ಅಪ್ಪಿಕೊಂಡು, "ಗೆದ್ದೀನಿ ಖರೆ. ಇಷ್ಟ್ ಮಂದಿ ನನಗ ಬ್ಯಾಡ ಅಂತಾರಂತ ಇವತ್ತೇ ಗೊತ್ತಾತು ನೋಡಪಾ" ಎಂದರು.

ಭಾಲ್ಕಿಯಿಂದ ಹೊರಡುವಾಗ ಭಾಬಿ ಬಾಗಿಲ ತನಕ ಬಂದರು. "ಮಾಸ್ತರ, ಹೆಣ್ಮಕ್ಕಳು ನಿಂದರಬಾರದು ಅಂತ ಕಾಯ್ದಾ ಅದ ಏನ್ರಿ?"

"ಈ ಇಲೆಕ್ಷನ್ನಿಗೆ ನಾವು ಬರೆದ ಕಾಯ್ದೆಯಲ್ಲಿ ಇಲ್ರಿ ಭಾಬಿ. ಯಾರ ಎದುರು ನಿಲ್ತೀರಿ, ಹಾಜಿ ಸಾಹೇಬರ ಎದುರೇ?"

"ಅವರಿಗಿ ವಯಸ್ಸಾತು, ಬಿಡ್ರಿ. ಸಲೀಮನ ಎದುರ."

ಆಣೆ ಮಾಡಿ ಹೇಳುತ್ತೇನೆ, ಆ ಸಲವೂ ಎಣಿಸಲು ನಾನೇ ಹೋಗುತ್ತೇನೆ. ಮನೆಯವರೆಂದು ಯಾರಿಗೂ ಒಂದು ಓಟು ಹೆಚ್ಚು ಬರೆಯುವುದಿಲ್ಲ.

ನಿಮ್ಮ,
ಪ್ರಭಾಕರ ಮಾಸ್ತರ