ಉಳಿದ ಕೆಂಪು ಕಾಗದ

ಲೊರೇನ್,

ಟೆಸ್ಸಾ ನಾಳೆ ಕ್ಲಾಸಿನಲ್ಲಿ ಹಂಚುವ ವ್ಯಾಲೆಂಟೈನ್ ಕಾರ್ಡುಗಳನ್ನು ಇವತ್ತು ಮಾಡಿ ಮುಗಿಸಿದೆವು. ಪ್ರತಿ ವರ್ಷ ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ನೀನು ಕಾಗದ ಮಡಚುತ್ತಿದ್ದೆ, ನಾನು ಹೃದಯ ಕತ್ತರಿಸುತ್ತಿದ್ದೆ. ನಮ್ಮ ಜಗಳದ ನಂತರ ಈ ಸಲ ಮಡಚುವ ಕೆಲಸವೂ ನನ್ನದೇ. ಮಡಚಿದ ಅಂಚಿಗೇ ಕತ್ತರಿ ಹಾಕಿಬಿಟ್ಟೆ. ಮೊದಲ ಹೃದಯ ಎರಡು ಹೋಳಾಗಿ ಬಿತ್ತು.

"ಲೊರೇನ್ ಆಂಟಿ ಇದ್ದಿದ್ರೆ ನಿಂಗೆ ಚೆನ್ನಾಗಿ ಬೈತಿದ್ರು," ಎಂದು ಟೆಸ್ಸಾ ನಕ್ಕಳು.

ನಿನ್ನ ಮಗನ ಹೆಸರು ಬರೆಯುವಾಗ ನನ್ನ ಕೈ ನಿಂತಿತು. ಅವಳು ಪೆನ್ನು ಕಿತ್ತುಕೊಂಡಳು.

"ವೆಸ್ಲಿಗೂ ಕೊಡ್ಲೇಬೇಕಮ್ಮ. ಕ್ಲಾಸಲ್ಲಿ ಒಬ್ರನ್ನೂ ಬಿಡಬಾರ್ದಂತೆ, ಜಗಳ ಆಡಿದವ್ರನ್ನೂ. ಟೀಚರ್ ಹೇಳಿದಾರೆ."

ಬರೆದು ಮುಗಿಸಿ ಕೇಳಿದಳು: "ಆಂಟಿಗೆ ಬೇಡ ಅಲ್ವಾ? ಅವ್ರು ನಮ್ಮ ಕ್ಲಾಸಲ್ಲಿಲ್ಲ."

"ಬೇಡ ಪುಟ್ಟಾ," ಎಂದೆ.

ಕೆಂಪು ಕಾಗದ ಇನ್ನೂ ಉಳಿದಿತ್ತು. ಅದರಲ್ಲೇ ನಿನಗೆ ಇದನ್ನು ಬರೆಯುತ್ತಿದ್ದೇನೆ.