ತೋಳಿನ ಅಳತೆ ಯಾಕೆ ಬರೆದುಕೊಳ್ಳಲಿಲ್ಲ?

ತರುಣರಿಗೆ ಕ್ರಿಕೆಟ್ ಕಲಿಸಲು ಹೊರಟಿರುವ ಕ್ರೀಡಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ, ನನ್ನ ಮಗ ಚಂದ್ರಪ್ಪನನ್ನೂ ನಮ್ಮೂರಿನ ಇನ್ನೂ ಹತ್ತು ಹುಡುಗರನ್ನೂ ತಾವು ಬರುವ ಸೋಮವಾರ ಧಾರವಾಡಕ್ಕೆ ಮ್ಯಾಚಿಗೆಂದು ಕರೆದಿದ್ದೀರಿ. ಅದು ಮ್ಯಾಚೋ, ಯುದ್ಧಕ್ಕೆ ಸಿಪಾಯಿಗಳನ್ನು ಹಿಡಿಯುವ ಪಲ್ಟಣಿನ ಭರ್ತಿಯೋ? ಇದನ್ನು ತಾವು ನಾಲ್ಕು ಜನರೆದುರು ಹೇಳಬೇಕೆಂದೇ ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ನಾನು ಓದಿದ್ದು ಮುಲ್ಕಿ ಪರೀಕ್ಷೆಯವರೆಗೆ. ಸಂಶಯಪಡುವುದನ್ನು ಆಮೇಲೆ ಸರಕಾರವೇ ಕಲಿಸಿತು.

'ತರುಣರ ಮೈಮನಸ್ಸು ಅರಳಲಿ' ಎಂದು ತಮ್ಮ ಸುತ್ತೋಲೆಯಲ್ಲಿದೆ. ಆಹಾ! ಹೋದ ಆಗಸ್ಟಿನ 'ಚಲೇಜಾವ್' ಗದ್ದಲದಲ್ಲಿ ಐದು ಹುಡುಗರು ಕೂಡಿ ಕಟ್ಟೆಯ ಮೇಲೆ ಕುಳಿತರೆ ಗುನ್ಹೆ. ಈ ಜನವರಿಯಲ್ಲಿ ಹನ್ನೊಂದು ಹುಡುಗರು ಕೂಡದಿದ್ದರೆ ಗೌಡರಿಗೆ ನೋಟೀಸು! ಐದೇ ತಿಂಗಳಲ್ಲಿ ಇಷ್ಟು ಮಮತೆ ಎಲ್ಲಿಂದ ಉಕ್ಕಿತು? ಬೆಕ್ಕು ಕಾಶಿಗೆ ಹೊರಟಿತೆಂದು ಇಲಿ ಬುತ್ತಿ ಕಟ್ಟಿಕೊಡಬೇಕೇ?

ಎರಡು ವರ್ಷದ ಹಿಂದೆಯೂ ಹೀಗೇ ಒಬ್ಬರು ಸಾಹೇಬರು ಬಂದಿದ್ದರು. ಕುಸ್ತಿಯಲ್ಲಿ ಗೆದ್ದವರಿಗೆ ಜರಿ ಪಟಕಾ ಎಂದರು, ಹೆಸರು ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿಕೊಂಡರು. ನಮ್ಮ ಓಣಿಯ ಯಂಕವ್ವನ ಮಗ ಉಳಿವೆಪ್ಪ ಪಟಕಾ ಸುತ್ತಿಕೊಂಡೇ ಪಲ್ಟಣಿನ ಲಾರಿ ಹತ್ತಿದ. ಆಮೇಲೆ ಬಂದದ್ದು ಒಂದೇ ಕಾಗದ. ಅದನ್ನು ಓದಿ ಹೇಳಿದವನು ನಾನೇ. "ಮಾಸ್ತರ, ನನ್ನ ಮಗ ಯಾ ಊರಾಗ ಅದಾನ್ರಿ?" ಎಂದು ಆಕೆ ಕೇಳಿದಳು. ಊರಿನ ಹೆಸರಿನ ಮೇಲೆ ಕಪ್ಪು ಮಸಿ ಬಳಿದಿದ್ದರು. ಆಕೆ ಇಂದಿಗೂ ಆ ಮಸಿಯನ್ನು ಬೆರಳಿನಿಂದ ಸವರುತ್ತಾಳೆ.

ಆದರೂ ತಮ್ಮ ಹುಕುಮು ಬಂದಾಗ ನಾವು ಬೇಡವೆನ್ನಲಿಲ್ಲ. ಇಪ್ಪತ್ತೆರಡು ಗಜ ನೆಲವನ್ನು 'ಕಣದಂತೆ ಗಟ್ಟಿಮಾಡಿ' ಎಂದಿತ್ತು. ಕಣ ಮಾಡುವುದನ್ನು ನಮಗೆ ಹೇಳಿಕೊಡಬೇಕೇ? ನೀರು ಹೊಡೆದು, ಕಲ್ಲು ಉರುಳಿಸಿ, ಸಗಣಿ ಸಾರಿಸಿದೆವು. ತಾವು ಕಳಿಸಿದ ಮೂರು ಗೂಟಗಳನ್ನು, ಕಾಳು ಒಕ್ಕುವಾಗ ಎತ್ತು ಕಟ್ಟಿ ತಿರುಗಿಸುವ ನಡುಗಣದ ಮೇಟಿಯೆಂದೇ ತಿಳಿದು ಹೆಂಗಸರು ವಿಭೂತಿ ಹಚ್ಚಿ ಹೂ ಏರಿಸಿದರು. ತಮ್ಮ ಕ್ರೀಡಾ ಶಿಕ್ಷಕರು ಬೂಟುಗಾಲಿನಲ್ಲಿ ಬಂದರು ನೋಡಿ, ಕಣ ಗುಡಿಸುತ್ತಿದ್ದ ವೀರವ್ವ ಕಸಬರಿಗೆ ಅಡ್ಡ ಹಿಡಿದಳು: "ಬೂಟ ಕಳದ ಬರ್ರಿ ಸಾಹೇಬರ, ಕಣ ಐತಿ!" ಪಾಪ, ಬರಿಗಾಲಲ್ಲೇ ಓಡಿಬಂದು ಚೆಂಡು ಎಸೆದರು, ಮೇಟಿ ಕಿತ್ತು ಬಿತ್ತು. ಅವರು ಚಪ್ಪಾಳೆ ತಟ್ಟಿದರು, ನಾವು ಎದೆ ಹಿಡಿದುಕೊಂಡೆವು. ಮುದುಕ ಗುದ್ಲೆಪ್ಪ ಸಿಟ್ಟಾಗಿ, "ಮೇಟಿ ಬಿದ್ದರ ವರ್ಷದ ಕಾಳ ಹ್ವಾದಂಗ. ಇಂವಾ ನೋಡಿದ್ರ ಕುಣೀತಾನಲ್ಲೋ!" ಎಂದ. ಮರುದಿನ ಬೇರೆ ಗೂಟ ಹುಗಿದು, ಅವಕ್ಕೆ ಪೂಜೆ ಬೇಡವೆಂದು ಹೆಂಗಸರನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು.

ಈಗ ನಿಜ ಹೇಳುತ್ತೇನೆ. ಆಟ ಚೆನ್ನಾಗಿದೆ. ನನ್ನ ಚಂದ್ರಪ್ಪ ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಹೊಡೆದ ಹುಡುಗ. ಮೊನ್ನೆ ನಮ್ಮೂರಿಗೆ ಆಡಲು ಬಂದಿದ್ದ ಶಿಗ್ಗಾಂವದ ಹುಡುಗರು ಒಬ್ಬರೂ ಅವನ ಚೆಂಡಿಗೆ ನಿಲ್ಲಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವನು ಬಾಯಿಬಿಟ್ಟು ನಕ್ಕಿದ್ದನ್ನು ನಾನು ಕಂಡದ್ದು ಅಂದೇ. ಎತ್ತು ಕಾಯುವ ನೆಪದಲ್ಲಿ ನೊಗದ ಮೇಲೆ ಕುಳಿತಿದ್ದ ನಾನೂ "ಹೊಡೀ ಮಗನ, ಕೆಡವು ಅವನ್ನ!" ಎಂದು ಕೂಗಿದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಆದರೆ ಆಟ ಮುಗಿದ ಮೇಲೆ ತಮ್ಮ ಶಿಕ್ಷಕರು ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಅಂಗಿ ಹೊಲಿಸುತ್ತೇವೆ ಎಂದು ಅಳತೆಯ ಟೇಪಿನ ಸಲುವಾಗಿ ನಮ್ಮ ದರ್ಜಿ ಖಾದರಸಾಬನನ್ನು ಕರೆಸಿದರು. ಅವನು ಸಂಜೆ ನನ್ನ ಮನೆಗೆ ಬಂದು ಪಿಸುಗುಟ್ಟಿದ: "ಮಾಸ್ತರ, ಎತ್ತರ ಬರಕೊಂಡ್ರು, ಎದಿ ಬರಕೊಂಡ್ರು, ಉಸರ ಹಿಡಿಸಿ ಮತ್ತೊಮ್ಮೆ ಎದಿ ಬರಕೊಂಡ್ರು, ಹಲ್ಲ ಎಣಿಸಿದ್ರು. ತೋಳಿನ ಅಳತಿ ಕೇಳಲೇ ಇಲ್ಲ. ತೋಳಿನ ಅಳತಿ ಇಲ್ಲದ ಅಂಗಿ ಹೆಂಗ ಹೊಲಿಯೂದ್ರಿ?"

ಉತ್ತರ ಕೊಡಿ, ಮಾನ್ಯರೇ. ಹಲ್ಲು ಎಣಿಸುವುದು ಯಾವ ಕ್ರಿಕೆಟ್ಟಿನ ನಿಯಮ? 'ಒಂದು ಕಂಬಳಿ ತರಬೇಕು, ಹಿರಿಯರು ಜೊತೆಗೆ ಬರಬಾರದು' ಎಂದು ಮ್ಯಾಚಿನ ಚೀಟಿಯಲ್ಲಿ ಯಾಕಿದೆ? ಒಂದು ದಿನದ ಆಟಕ್ಕೆ ಕಂಬಳಿಯೇ?

ಹೋಗಬೇಡ ಎಂದು ಮಗನಿಗೆ ಹೇಳಿದೆ. "ಅಪ್ಪಾ, ನಿನಗ ಎಲ್ಲಾದರಾಗೂ ಸಂಶೇನ. ನಾ ಆಡಾಕ ಹೊಂಟೇನಿ" ಎಂದ. ಆಡುವ ಆಸೆ ಹಚ್ಚಿದವರು ತಾವು. ಅದನ್ನು ಕಿತ್ತುಕೊಳ್ಳಲು ನನಗೆ ಕೈ ಬರಲಿಲ್ಲ. ಅದಕ್ಕೆ ನನ್ನ ಬೇಡಿಕೆ ಇಷ್ಟೇ: ಅಳತೆ ಬರೆದ ಆ ಹಾಳೆಯನ್ನು ನಮ್ಮೂರ ಚಾವಡಿಗೆ ಮರಳಿಸಿ, ಚೆಂಡನ್ನು ನಮ್ಮಲ್ಲೇ ಬಿಡಿ. ಹನ್ನೊಂದು ಜನ ಬರುತ್ತಾರೆ, ಹನ್ನೊಂದೂ ಜನ ಮಂಗಳವಾರ ಊರು ಸೇರಬೇಕು. ಸೋತು ಬಂದರೂ ಆರತಿ ಎತ್ತುತ್ತೇವೆ. ಚೀಟಿಯಲ್ಲಿ ಏನೇ ಇರಲಿ, ಅವರ ಹಿಂದೆಯೇ ನಾನೂ ಬರುತ್ತಿದ್ದೇನೆ, ಕಂಬಳಿ ಇಲ್ಲದೆ.

ಇಂತಿ,
ತಾವು ಕರೆಯದ ಹನ್ನೆರಡನೆಯ ಆಟಗಾರ,
ಕರಿಬಸಪ್ಪ, ನಿವೃತ್ತ ಕನ್ನಡ ಶಾಲಾ ಮಾಸ್ತರ, ದುಂಡಸಿ
ವಯಸ್ಸು ಐವತ್ತೆಂಟು. ಎದೆ ಮೂವತ್ತೊಂದು ಅಂಗುಲ, ಉಸಿರು ಹಿಡಿದರೂ ಅಷ್ಟೇ. ಹಲ್ಲು ಒಂಬತ್ತು. ಬರೆದುಕೊಳ್ಳಿ.